ನೀರಿನ ಕ್ಯಾನಿನ ದೃಶ್ಯ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಅಪ್ಪನ ಪ್ರೀತಿ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ತಪ್ಪು ನನ್ನದೇ. ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ನಿನ್ನಮ್ಮ ಕಸದ ಬುಟ್ಟಿ ನೋಡಿ, "ಮಗಳಿಗೆ ಕಾಗದ ಬರೀತಿದ್ದೀರೋ, ಕಾದಂಬರಿ ಬರೀತಿದ್ದೀರೋ?" ಎಂದಳು. ಅವಳ ಮಂಡಿನೋವು ಈಗ ಎಷ್ಟೋ ವಾಸಿ. ಮೆಟ್ಟಿಲು ಹತ್ತಿದ ಮೇಲೂ ನನ್ನನ್ನು ಬೈಯುವಷ್ಟು ಉಸಿರು ಉಳಿದಿರುತ್ತದೆ.

ನಿನ್ನ ಶಾಲೆಯ ಮಕ್ಕಳು ಸಿನಿಮಾ ನೋಡಿದರು, ಕೊನೆಯಲ್ಲಿ 'ಸೇನಾ ಸಲಹೆಗಾರ' ಎಂದು ನನ್ನ ಹೆಸರು ಬಂದಾಗ ಚಪ್ಪಾಳೆ ತಟ್ಟಿದರು ಎಂದು ಬರೆದಿದ್ದೀಯ. ಬರುವ ತಿಂಗಳು ನಾನು ಬಂದು ಅವರ ಮುಂದೆ ಮಾತಾಡಬೇಕು ಎಂದೂ ಕೇಳಿದ್ದೀಯ. ನೀರಿನ ಕ್ಯಾನಿನ ದೃಶ್ಯದಲ್ಲಿ ನಿನಗೆ ಅಳು ತಡೆಯಲಾಗಲಿಲ್ಲವಂತೆ. "ಅಂಥ ರಾಕ್ಷಸರ ಎದುರು ಅಷ್ಟು ವರ್ಷ ಇದ್ದೂ ನೀನು ಇಷ್ಟು ಮೆತ್ತಗಿನ ಮನುಷ್ಯನಾಗಿ ಹೇಗೆ ಉಳಿದೆ ಅಪ್ಪಾ?" ಎಂದಿದ್ದೀಯ. ನನ್ನ ಕೈ ಕಟ್ಟಿಹಾಕಿದ್ದು ಆ ಒಂದು ಸಾಲು.

ಮೊದಲಿಂದ ಹೇಳುತ್ತೇನೆ. ನಿರ್ದೇಶಕರು ನನ್ನನ್ನು ಕರೆಸಿದ್ದು ಅಡಗಿ ಕೂತು ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್ ಕೆಲಸ ಹೇಗಿರುತ್ತದೆಂದು ತೋರಿಸಲು. ಮೊದಲ ದಿನವೇ ಅವರ ಹೀರೋ ಬಂದೂಕಿನ ನಳಿಗೆಯನ್ನು ಕಿಟಕಿಯಿಂದ ಆಚೆ ಚಾಚಿ ಕೂತಿದ್ದ. "ಹೀಗೆ ಕೂತ್ರೆ ಐದು ನಿಮಿಷಾನೂ ಬದುಕಲ್ಲಪ್ಪ" ಎಂದೆ. ಕೋಣೆಯ ಒಳಗೆ, ಹಿಂದಿನ ಗೋಡೆಯ ಹತ್ತಿರ ಮೇಜು ಹಾಕಿಸಿದೆ. ಗುಂಡು ಹಾರಿದಾಗ ಧೂಳು ಏಳದಂತೆ ನಳಿಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿಸಿದೆ. ಹಳೇ ಕಾಲುಚೀಲಕ್ಕೆ ಮರಳು ತುಂಬಿ ಬಂದೂಕಿನ ಹಿಂಭಾಗಕ್ಕೆ ಆಸರೆ ಕೊಡಿಸಿದೆ. ಎದುರು ಮನೆಯಲ್ಲಿ ಒಣಹಾಕಿದ ಬಟ್ಟೆ ನೋಡಿ ಗಾಳಿ ಅಳೆಯುವುದನ್ನು ಕಲಿಸಿದೆ. ನಿರ್ದೇಶಕರಿಗೆ ಹಿಡಿಸಲಾರದಷ್ಟು ಖುಷಿ. "ಇದು ಬೇಕಿತ್ತು ಸಾರ್ ನಂಗೆ, ನಿಜ!" ಎನ್ನುತ್ತಿದ್ದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕಥೆ ಬರೆಯುವ ಹುಡುಗಿ ಒಬ್ಬಳಿದ್ದಳು, ಹೆಚ್ಚುಕಡಿಮೆ ನಿನ್ನ ವಯಸ್ಸು. ಒಂದು ಮಧ್ಯಾಹ್ನ ನೋಟ್‌ಬುಕ್ ಮುಚ್ಚಿಟ್ಟು, "ಯಾರಿಗೂ ಹೇಳದೇ ಇರೋದು ಏನಾದ್ರೂ ಇದ್ರೆ ಹೇಳಿ ಸಾರ್" ಎಂದಳು. ಹೇಳಿಬಿಟ್ಟೆ.

ನಾವು ಮುತ್ತಿಗೆ ಹಾಕಿದ್ದ ಊರು ಅದು. ನಲ್ಲಿಗಳಲ್ಲಿ ನೀರು ಬರುವುದು ನಿಂತಿತ್ತು. ಒಬ್ಬ ಮನುಷ್ಯ ದಿನಾ ಒಂದೇ ಹೊತ್ತಿಗೆ ಎರಡು ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದ. ಕಾಲಲ್ಲಿ ರಬ್ಬರ್ ಚಪ್ಪಲಿ. ಬಸ್ಸು ಬರುತ್ತದೇನೋ ಎಂಬಂತೆ ಎರಡೂ ಕಡೆ ನೋಡಿ ದಾಟುತ್ತಿದ್ದ. ಮೂರು ದಿನ ದುರ್ಬೀನಿನಲ್ಲಿ ನೋಡಿದೆ, ಬಿಟ್ಟೆ. ನಾಲ್ಕನೇ ದಿನ, ಆ ರಸ್ತೆಯಲ್ಲಿ ಯಾರು ಕಂಡರೂ ಹೊಡೆಯಬೇಕೆಂದು ಅಪ್ಪಣೆ ಬಂತು. ಅವನು ಬಂದ. ಎರಡೂ ಕಡೆ ನೋಡಿದ.

ಹೊಡೆದವನು ನಾನು, ಗುಬ್ಬಿ.

ಆ ಹುಡುಗಿ ಅತ್ತಳು. ಎರಡು ವಾರದ ಮೇಲೆ ದೃಶ್ಯ ಬರೆದ ಹಾಳೆಗಳು ಬಂದವು. ಕ್ಯಾನ್ ಇತ್ತು, ಚಪ್ಪಲಿ ಇತ್ತು, ಎರಡೂ ಕಡೆ ನೋಡುವುದೂ ಇತ್ತು. ಆದರೆ ಹೊಡೆಯುವವನು ಶತ್ರು. ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ, "ಹೀರೋ ಕೈಲಿ ಹೆಂಗೆ ಮಾಡಿಸೋದು ಸಾರ್? ಜನ ಎದ್ದು ಹೋಗ್ತಾರೆ" ಎಂದಳು. ನಿರ್ದೇಶಕರು ನನ್ನ ಹೆಗಲ ಮೇಲೆ ಕೈ ಹಾಕಿದರು. "ನಡೆದಿದ್ದು ನಿಜ ತಾನೇ ಸಾರ್? ಯಾವ ಕಡೆಯವನು ಅನ್ನೋದಷ್ಟೇ ಬದಲು."

ಶತ್ರುವಿನ ಪಾತ್ರದವನು ನಾಟಕದ ನಟ, ಸೌಮ್ಯ ಮನುಷ್ಯ. ಊಟದ ಹೊತ್ತಿನಲ್ಲಿ ಪಕ್ಕ ಬಂದು ಕೂತ. "ಹೊಡೆದ ಮೇಲೆ ನಗ್ಬೇಕು ಅಂತಾರೆ. ನಿಜವಾಗ್ಲೂ ನಗ್ತಾರಾ ಸಾರ್?"

"ಇಲ್ಲ. ಕತ್ತು ಉಜ್ಜಿಕೊಳ್ತಾರೆ. ಗಂಟೆಗಟ್ಟಲೆ ಅಲ್ಲಾಡದೆ ಮಲಗಿ ಕತ್ತು ಹಿಡಿದುಕೊಂಡಿರುತ್ತೆ."

ಅವನು ಹಾಗೇ ಮಾಡಿದ. ಹೊಡೆದ, ಕಣ್ಣು ಮುಚ್ಚಿದ, ಕತ್ತು ಉಜ್ಜಿಕೊಂಡ. ಲೈಟ್ ಹಿಡಿದ ಹುಡುಗರೂ ಉಸಿರು ಬಿಗಿಹಿಡಿದು ನಿಂತರು. ನಿರ್ದೇಶಕರು ಮಾತ್ರ ತಲೆ ಅಲ್ಲಾಡಿಸಿದರು: "ಚೆನ್ನಾಗಿದೆ. ಆದ್ರೆ ಜನಕ್ಕೆ ಪಾಪ ಅನ್ಸಿಬಿಡುತ್ತೆ. ನಗು." ಅವನು ನಕ್ಕ. ಕತ್ತು ಉಜ್ಜಿಕೊಳ್ಳುವುದನ್ನು ಹೀರೋಗೆ ಕೊಟ್ಟರು. ಹೀರೋ ಎಷ್ಟು ದಣಿದಿದ್ದ ಎಂದು ನಿನಗೂ ಕರುಳು ಚುರುಕ್ ಎಂದಿರಬೇಕು.

ನಾನು ಕಲಿಸಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಒದ್ದೆ ಬಟ್ಟೆ, ಮರಳು, ಗಾಳಿ, ಎಲ್ಲ ಇದ್ದದ್ದು ಇದ್ದ ಹಾಗೆ. ಅಷ್ಟು ನಿಜ ಕಂಡ ಮೇಲೆ ಆ ನಗುವನ್ನೂ ಜನ ನಿಜವೆಂದೇ ನಂಬಿದರು. ನೀನೂ ನಂಬಿದೆ. ನನ್ನ ಹೆಸರು ತೆಗೆದುಬಿಡಿ ಎಂದು ಕೇಳಿಕೊಂಡೆ. ವಿನಯಕ್ಕೆ ಹೇಳುತ್ತಿದ್ದಾರೆಂದುಕೊಂಡು ಇನ್ನೂ ದಪ್ಪಕ್ಷರದಲ್ಲಿ ಹಾಕಿಸಿದರು! ಆ ಕಡೆಯವರೂ ಇಂಥದ್ದೇ ಸಿನಿಮಾ ಮಾಡಿರುತ್ತಾರೆ. ಅದರಲ್ಲಿ ನಗುವವನು ನಾನಾಗಿರುತ್ತೇನೆ. ನಾನು ನಕ್ಕಿರಲಿಲ್ಲ ಮಗಳೇ. ಆದರೆ ನಗದೆ ಹೊಡೆದರೆ ಸತ್ತವನಿಗೆ ಏನು ವ್ಯತ್ಯಾಸ?

ಇದರ ಕರಡನ್ನು ನಿನ್ನಮ್ಮನಿಗೆ ನಿನ್ನೆ ಓದಿ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ತುಂಬ ಹೊತ್ತು ಸೊಪ್ಪು ಬಿಡಿಸುತ್ತಲೇ ಇದ್ದಳು. ಕೊನೆಗೆ, "ಕಳಿಸಿ. ಅವಳು ಚಿಕ್ಕ ಹುಡುಗಿಯಲ್ಲ" ಎಂದಳು. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಸಿಟ್ಟಲ್ಲ ಅನ್ನಿಸುತ್ತದೆ. ಗೊತ್ತಿಲ್ಲ.

ಮಕ್ಕಳ ಮುಂದೆ ಬರಲು ನಾನು ಸಿದ್ಧ. ಆದರೆ ಬಂದರೆ ಇದನ್ನೇ ಹೇಳುತ್ತೇನೆ, ಬೇರೆ ಮಾತು ನನ್ನಲ್ಲಿಲ್ಲ. ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು. ಬೇಡವೆಂದರೆ ಒಂದಿಷ್ಟೂ ಬೇಸರವಿಲ್ಲ.

ನಿನ್ನ ತರಗತಿ ಸದಾ ಗಲಾಟೆಯಿಂದ ತುಂಬಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಆ ಕೆಮ್ಮಿಗೆ ಡಾಕ್ಟರಿಗೆ ತೋರಿಸು. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ, ಬೇಕೆಂದೇ ಬಿಟ್ಟಿದ್ದೆ: ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋಗಿದ್ದೆ. ಕ್ಯಾನ್ ಹಿಡಿದವನು ಬಿದ್ದ. ಆಚೆ ಮಹಡಿಯಲ್ಲಿ ಶತ್ರು ನಕ್ಕ. ಇಡೀ ಥಿಯೇಟರ್ 'ಥೂ' ಎಂದಿತು. ನಾನೂ ಎಂದೆ, ಎಲ್ಲರಿಗಿಂತ ಜೋರಾಗಿ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಕೈ ಮುಟ್ಟಿ, "ಸಮಾಧಾನ ಮಾಡ್ಕೊಳ್ಳಿ" ಎಂದರು. ಆ ಒಂದು ನಿಮಿಷ, ಅದನ್ನು ಮಾಡಿದವನು ಅವನೇ ಎಂದು ನಾನು ಪೂರ್ತಿ ನಂಬಿದ್ದೆ. ಆ ನಾಲ್ಕನೇ ದಿನದಿಂದ ಈಚಿನ ಇಪ್ಪತ್ತಾರು ವರ್ಷದಲ್ಲಿ ನನ್ನ ಎದೆ ಅಷ್ಟು ಹಗುರವಾಗಿದ್ದು ಅದೊಂದೇ ಸಲ. ಮಾರನೆಯ ದಿನ ಮತ್ತೆ ಟಿಕೆಟ್ ತೆಗೆದುಕೊಂಡೆ.