ಮೂರನೆಯ ಕೂಗು

ಮಾರ್ಕಯನ್‌ಕೋಟ್ಟೈ
೧೨-೧೧-೧೯೬೫

ಹವಾಲ್ದಾರ್ ಮಾಮನಿಗೆ,

ಗಂಡನಾದರೂ ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ, ಅದಕ್ಕೇ ಕೇಳುತ್ತಿಲ್ಲ. ಸಂಕ್ರಾಂತಿಯ ತೈ ತಿಂಗಳಲ್ಲಿ ರಜಾ ಸಿಕ್ಕಿದೆ, ನಮ್ಮ ಮಗನಿಗೆ ಕಿವಿ ಚುಚ್ಚಿಸೋಣ ಅಂತ ಬರೆದಿದ್ದೀರಿ. ಓದಿ ಹೇಳಿದರೆ ನನ್ನಮ್ಮ ಕೇಳಿದ್ದು ಒಂದೇ, ಯಾರ ಮಡಿಲಾಗೆ ಕೂರ್ಸಿ ಚುಚ್ಚೋದು ಅಂತ. ಮಡಿಲಲ್ಲಿ ಕೂರಿಸಿಕೊಳ್ಳಬೇಕಾದವನು ಸೋದರಮಾವ; ಮಗುವಿಗೆ ಇದ್ದವನು ಒಬ್ಬನೇ ತಾಯಿಮಾಮ. ನನ್ನ ತಮ್ಮ ಮಾಯಾಂಡಿಯನ್ನು ನಂಬಿ ನಿಮ್ಮ ಕೈಗೆ ಕೊಟ್ಟಿದ್ದೆವು.

ಅವನು ವೀರನ ಹಾಗೆ ಹೋರಾಡಿ ಸತ್ತ ಅಂತ ಬರೆದಿರಲ್ಲ, ನಾಚಿಕೆಯಾಗಲಿಲ್ಲವಾ? ನಿಮ್ಮ ಜೊತೆಯಿದ್ದ ಜೆಯರಾಜ್ ಕಾಲಿಗೆ ಗುಂಡು ತಗುಲಿ ವೇದಸಂದೂರಿಗೆ ಬಂದಿದ್ದಾನೆ. ಹೋದ ವಾರ ಕೋಲೂರಿಕೊಂಡು ನಮ್ಮ ಮನೆಗೆ ಬಂದು ಎಲ್ಲಾ ಹೇಳಿದ. ಪಂಜಾಬಿನ ಆ ಕಬ್ಬಿನ ತೋಟದಲ್ಲಿ ಶತ್ರು ಎದುರಿಗೇ ಬಂದನಂತೆ. ಮಾಯಾಂಡಿ ಬಂದೂಕು ಗುರಿ ಹಿಡಿದೇ ನಿಲ್ಲು ಅಂತ ಕೂಗಿದನಂತೆ. ಇನ್ನೊಂದು ಸಲ ಕೂಗಿದನಂತೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಆ ಶತ್ರು ಗುಂಡು ಹಾರಿಸಿದ.

ಆ ಕೂಗು ಕಲಿಸಿದ್ದು ಯಾರು? ನೀವು! ಗಾಜಾದಲ್ಲಿ ಒಂದು ವರ್ಷ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಸಿ, ಎರಡು ದೇಶಗಳ ನಡುವೆ ಶಾಂತಿ ಕಾಯಲು ನಿಲ್ಲಿಸಿದಿರಿ. ಮೂರು ಸಲ ಕೂಗದೆ ಗುಂಡು ಹಾರಿಸಿದರೆ ಶಿಕ್ಷೆ ಅಂತ ದಿನಾ ಬಾಯಿಪಾಠ ಮಾಡಿಸಿದಿರಿ. ಅಲ್ಲಿಗೆ ಅದು ಸರಿ, ಜಗಳ ಬಿಡಿಸಲು ಹೋದವರು ಕೈ ಎತ್ತಬಾರದು. ವಾಪಸ್ ಬಂದ ಮೇಲೆ? ಯುದ್ಧಕ್ಕೆ ಇನ್ನೂ ಐದು ತಿಂಗಳಿತ್ತು. ಪದಕಕ್ಕೆ ಪರೇಡು, ಸಾಹೇಬರು ಬರುತ್ತಾರೆಂದು ಗೋಡೆಗೆ ಸುಣ್ಣ, ಇಷ್ಟೇ ಆಯಿತಂತೆ. ಹುಡುಗರ ಕೈಗೆ ಯುದ್ಧ ಮರೆತುಹೋಗಿದೆ, ಮತ್ತೆ ಕಲಿಸಿ ಅಂತ ಜೆಯರಾಜ್ ಕೇಳಿದ್ದಕ್ಕೆ, ಹೊರದೇಶ ನೋಡಿ ಬಂದವರಿಗೆ ಇನ್ನೇನು ಕಲಿಸೋದು ಕಣೋ ಅಂತ ನಕ್ಕಿರಂತೆ. ಥೂ! ಆ ನಗು ನನ್ನ ಕಿವಿಯಲ್ಲೇ ಇದೆ.

ಗಾಜಾದಿಂದ ನೀವು ತಂದ ಟ್ರಾನ್ಸಿಸ್ಟರನ್ನು ಅಮ್ಮ ಅವತ್ತೇ ತೋಟದ ಬಾವಿಗೆ ಎಸೆದಳು. ನಾನು ತಡೆಯಲಿಲ್ಲ.

ತೈಯಲ್ಲಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅಮ್ಮನ ಮುಂದೆ ನಿಂತು, ಅವನನ್ನು ಗಾಜಾಗೆ ಕರೆದೊಯ್ದವನೂ ನಾನೇ, ಬಂದ ಮೇಲೆ ಕಲಿಸದೆ ಬಿಟ್ಟವನೂ ನಾನೇ ಅಂತ ನಿಮ್ಮ ಬಾಯಿಂದಲೇ ಹೇಳಬೇಕು. ಹೇಳುವ ತನಕ ಈ ಮನೆಯಲ್ಲಿ ನಿಮಗೆ ಒಂದು ಚೊಂಬು ನೀರೂ ಸಿಗುವುದಿಲ್ಲ.

ಇಂತಿ,
ಮಾಯಾಂಡಿಯ ಅಕ್ಕ
ಚೆಲ್ಲಮ್ಮಾಳ್

ಮತ್ತೆ ಒಂದು ಮಾತು: ನಿಮ್ಮ ಜೊತೆ ತಮ್ಮನ ಹೆಸರನ್ನೂ ಗಾಜಾಗೆ ಹೋಗುವವರ ಪಟ್ಟಿಗೆ ಸೇರಿಸಿ, ಅಲ್ಲಾದರೆ ಯುದ್ಧವಿಲ್ಲ, ಜೀವ ಉಳಿಯುತ್ತದೆ ಅಂತ ನಾನು ನಿಮ್ಮ ಕಾಲು ಹಿಡಿದು ಬರೆದ ಕಾಗದ ಪೆಟ್ಟಿಗೆಯಲ್ಲಿದ್ದರೆ, ಬರುವ ಮೊದಲು ಸುಟ್ಟುಬಿಡಿ. ಅದು ಅಮ್ಮನಿಗೆ ಗೊತ್ತಿಲ್ಲ.