ಎರಡು ಗೆರೆಗಳಲ್ಲಿ ಒಂದು

ಹೊಲಿಗೆ ಅಂಗಡಿಯಿಂದ,
ಭಾನುವಾರ, ಒಂಬತ್ತನೇ ತಾರೀಖು

ಪ್ರೀತಿಯ ಗುಂಡೀ,

ಹೇಗಿದ್ದೀಯಮ್ಮಾ? ಹಾಸ್ಟೆಲ್ಲಿನ ಊಟ ಹಿಡಿಸಿತೇ? ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರುತ್ತೀಯ, ನಿನಗೋ ಚಿಕ್ಕಂದಿನಿಂದಲೂ ಕಾಲು ಬಾತುಕೊಳ್ಳುತ್ತದೆ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಈ ಕಾಗದ. ಅಕ್ಷರ ಓರೆಕೋರೆಯಾಗಿದ್ದರೆ ಬೈದುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ, ಮಷಿನ್ ಮುಂದೆ ಕೂತು ಕೂತು ಕಾಲಿಗೆ ಜೋಮು ಹಿಡಿದಾಗ ಇರುತ್ತದಲ್ಲ, ಹಾಗೆ. ನೋವಿಲ್ಲ, ಮುಟ್ಟಿಕೊಂಡರೆ ಬೇರೆ ಯಾರದೋ ಕಾಲು ಅನ್ನಿಸುತ್ತದೆ. ಅಂಗಡಿ ನಡೆಯುತ್ತಿದೆ. ಶಾಲೆಗಳು ತೆರೆಯುವ ಸಮಯ, ಯೂನಿಫಾರಂ ರಾಶಿ ಬಿದ್ದಿದೆ. ಪಕ್ಕದಲ್ಲಿ ನಿಮ್ಮಪ್ಪ ಗಡಿಯಾರ ರಿಪೇರಿಗೆ ಕೂರುತ್ತಿದ್ದ ಜಾಗಕ್ಕೆ ಈಗ ಮೊಬೈಲ್ ರಿಪೇರಿಯವನು ಬಂದಿದ್ದಾನೆ. ಒಳ್ಳೆಯವನೇ, ಸೂಜಿಗೆ ದಾರ ಪೋಣಿಸಿಕೊಡುತ್ತಾನೆ, ಆದರೆ ಪೋಣಿಸಿದ ದಾರದ ಎರಡರಷ್ಟು ಉದ್ದ ಮಾತು.

ನನ್ನ ಮಗ ನನ್ನ ಫೋನಿಗೆ ವಂಶವೃಕ್ಷದ ಆ್ಯಪ್ ಹಾಕಿಕೊಟ್ಟಿದ್ದ, ನೆನಪಿದೆಯೇ? ನೀವಿಬ್ಬರೂ ಬೇರೆಯಾಗುವುದಕ್ಕೆ ಮುಂಚಿನ ಮಾತು. "ಅಮ್ಮಾ, ನಿನ್ನ ತಲೇಲಿರೋದನ್ನೆಲ್ಲ ಇದಕ್ಕೆ ಹಾಕಿಬಿಡು, ಇಲ್ದಿದ್ರೆ ನಿನ್ನ ಜೊತೆಗೇ ಹೋಗುತ್ತೆ" ಅಂದಿದ್ದ. ಎಷ್ಟು ಸಲೀಸಾಗಿ ನನ್ನನ್ನು ಕಳಿಸಿಬಿಟ್ಟ ನೋಡು! ಯಾರೂ ಹೇಳಿಕೊಡಲಿಲ್ಲ, ಅಲ್ಲಿ ಇಲ್ಲಿ ಒತ್ತಿ ನಾನೇ ಕಲಿತೆ. ಒಬ್ಬೊಬ್ಬರಿಗೆ ಒಂದು ಚೌಕ, ನಡುವೆ ಗೆರೆ. ಮೇಲೆ ನನ್ನ ಅಪ್ಪ ಅಮ್ಮನನ್ನು, ಅವರ ಕೆಳಗೆ ನನ್ನನ್ನೂ ಅಣ್ಣನನ್ನೂ ಹಾಕಿದೆ, ನನ್ನ ಕೆಳಗೆ ಮಗನನ್ನು, ಅಣ್ಣನ ಕೆಳಗೆ ನಿನ್ನನ್ನು. ನಿಮ್ಮಿಬ್ಬರನ್ನೂ ಗಂಡ ಹೆಂಡತಿ ಎಂದು ಜೋಡಿಸಲು ಹೋದಾಗ ಒಂದು ಹಳದಿ ತ್ರಿಕೋನ ಎದ್ದು ನಿಂತು, ಇವರು ಈಗಾಗಲೇ ಸಂಬಂಧಿಕರು, ಖಚಿತವೇ ಎಂದು ಕೇಳಿತು. ನಗು ಬಂತು. ನಿಮ್ಮ ಮದುವೆಗೆ ಬಂದ ಅಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಎಲ್ಲರೂ ಮನೆಯ ಹುಡುಗಿ ಮನೆಯಲ್ಲೇ ಉಳಿದಳು ಎಂದು ಹೊಟ್ಟೆ ತುಂಬ ಉಂಡು ಹೋದವರೇ. ಹೌದು ಎಂದು ಒತ್ತಿದೆ.

ಅದೇನೋ ಒಪ್ಪಿಕೊಂಡಿತು, ಆದರೆ ಗೆರೆ ಹೇಗೆ ಎಳೆಯಬೇಕೆಂದು ಅದಕ್ಕೇ ತಿಳಿಯಲಿಲ್ಲ. ನನ್ನ ಅಪ್ಪ ಅಮ್ಮನನ್ನು ಎರಡು ಸಲ ಕೂರಿಸಿತು, ಮಗನ ಕಡೆಗೆ ಒಂದು ಜೋಡಿ, ನಿನ್ನ ಕಡೆಗೆ ಒಂದು ಜೋಡಿ. ಬದುಕಿದ್ದಾಗ ಇಬ್ಬರು ಇದ್ದದ್ದಕ್ಕೇ ಮನೆಯಲ್ಲಿ ಅಷ್ಟು ಜಗಳ, ಈಗ ನಾಲ್ವರಾದರು. ನಿನ್ನ ಚೌಕ ಮುಟ್ಟಿದರೆ ನೀನು ನನಗೆ ಏನಾಗಬೇಕು ಎಂದು ತೋರಿಸುತ್ತದೆ. 'ಮಗನ ಹೆಂಡತಿ' ಎಂದು ತೋರಿಸಿತು. ಅಷ್ಟೇ. ಒಬ್ಬರಿಗೆ ಒಂದೇ ಸಂಬಂಧ ತೋರಿಸುವುದು ಅದರ ಕ್ರಮವಂತೆ. ನಾವೂ ಹಾಗೇ ಇದ್ದೆವಲ್ಲವೇ? ಮಷಿನ್ ಕೆಳಗೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತ, "ಅತ್ತೇ, ಇದು ನೀಲಿ ಅಲ್ಲ, ನಿಂಗೇನೂ ಗೊತ್ತಾಗಲ್ಲ" ಎನ್ನುತ್ತಿದ್ದವಳು ನೀನು, ಮದುವೆಯ ಮರುದಿನ ಬಾಗಿಲಲ್ಲಿ ನಿಂತು "ನಿಮಗೆ ಕಾಫಿ ತರಲಾ?" ಎಂದೆ. ನಾನೂ ಅತ್ತೆಯ ಹಾಗೆ, ತೊಗೊಂಡು ಬಾರಮ್ಮಾ ಎಂದೆ.

ನಿನ್ನ ಅಮ್ಮ ಹೋದಾಗ ನೀನಿನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಣ್ಣ ನಿನ್ನನ್ನೆತ್ತಿಕೊಂಡು ನಮ್ಮ ಮನೆಗೇ ಬಂದ. ಮದುವೆಯ ದಿನ ಅವನು, "ಮಗಳನ್ನ ಕಳಿಸ್ತಿದ್ದೀನಿ ಅಂತ ಅಳೂನೇ ಬರ್ತಿಲ್ಲ ಕಣೇ, ಪಕ್ಕದ ಕೋಣೆಗೆ ತಾನೇ ಹೋಗ್ತಿರೋದು" ಅಂದಿದ್ದ. ಮರುವರ್ಷ ಅವನೇ ಹೋದ. ನಿಮ್ಮಿಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಿಗೆ ಗಂಡ ಹೆಂಡತಿಯಾಗಿ ಬಾಳಲು ಆಗಲಿಲ್ಲ, ಕಷ್ಟಪಟ್ಟಿರಿ, ಬಿಟ್ಟಿರಿ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದದ್ದು ಬೇರೆ. ಬೇರೆ ಹೆಣ್ಣುಮಕ್ಕಳಿಗೆ ಗಂಡನ ಮನೆ ಸಾಕಾದರೆ ತವರುಮನೆ ಅಂತ ಒಂದಿರುತ್ತದೆ. ನಿನಗೆ ಎರಡಕ್ಕೂ ಒಂದೇ ಬಾಗಿಲು. ನೀನು ಪೆಟ್ಟಿಗೆ ಹಿಡಿದು ಅದರಿಂದ ಹೊರಟಾಗ ಎರಡೂ ಮನೆ ಒಟ್ಟಿಗೆ ಹೋಯಿತು ಎಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಈಗ ಅವನಿಗೆ ಇನ್ನೊಂದು ಮದುವೆ ಗೊತ್ತಾಗಿದೆ. ಯಾರ ಬಾಯಿಂದಲೋ ಕೇಳುವ ಬದಲು ನನ್ನಿಂದಲೇ ತಿಳಿಯಲಿ. ಅವನ ಆಫೀಸಿನವಳು, ಮೆತ್ತನೆ ಮಾತಿನ ಹುಡುಗಿ. ನಮಗೆ ಯಾವ ಕಡೆಯಿಂದಲೂ ಏನೂ ಆಗಬೇಕಿಲ್ಲ, ತ್ರಿಕೋನ ಏಳುವುದಿಲ್ಲ. ಆಫೀಸಿನ ಹತ್ತಿರವೇ ಮನೆ ಮಾಡಿಕೊಂಡಿದ್ದಾನೆ. ಗುರುವಾರ ಫೋನು ಮಾಡಿ, "ಅಮ್ಮಾ, ಆ ಆ್ಯಪ್‌ನಿಂದ ಅವಳನ್ನ ತೆಗೆದುಬಿಡು. ಇವಳು ನೋಡಿದ್ರೆ ಚೆನ್ನಾಗಿರಲ್ಲ" ಅಂದ. ಕೋಪದಿಂದ ಹೇಳಲಿಲ್ಲ. ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಹಳೆಯ ಮೊಳೆ ಕೀಳು ಎನ್ನುವವರ ಹಾಗೆ ಹೇಳಿದ. ಆಯಿತು ಎಂದೆ.

ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೂತೆ. ನಿನ್ನ ಚೌಕದ ಮೇಲೆ ಬೆರಳಿಟ್ಟರೆ ಎರಡು ದಾರಿ ತೋರಿಸಿತು. ಮದುವೆಯನ್ನು ತೆಗೆಯುವುದು ಒಂದು, ವ್ಯಕ್ತಿಯನ್ನೇ ಅಳಿಸುವುದು ಇನ್ನೊಂದು. ಮಗ ಹೇಳಿದ್ದು ಎರಡನೆಯದು, ಅದನ್ನೇ ಒತ್ತಿದೆ. ಅಳಿಸಿದರೆ ಹೀಗಾಗುತ್ತದೆ ಎಂದು ಮೊದಲು ಒಂದು ಸಲ ತೋರಿಸಿತು. ಮಗನ ಪಕ್ಕ ಖಾಲಿ. ಅದರಿಂದ ನನಗೆ ಏನೂ ಆಗಲಿಲ್ಲ, ಗೊತ್ತಿದ್ದದ್ದೇ. ಆದರೆ ಅಣ್ಣನ ಕೆಳಗೂ ಖಾಲಿ. ಅವನ ಹೆಸರಿನ ಕೆಳಗೆ 'ಮಕ್ಕಳು ಇಲ್ಲ' ಎಂದಿತ್ತು. ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ನಿನ್ನ ಅಂಗಾಲಿನ ಮುಳ್ಳು ತೆಗೆಯುತ್ತಿದ್ದವನಿಗೆ ಮಕ್ಕಳು ಇಲ್ಲ. ಬೇಡ ಎಂದು ಒತ್ತಿ ಹಿಂದಕ್ಕೆ ಬಂದೆ. ಹೊಲಿಗೆ ಬಿಚ್ಚಲು ಕೊಟ್ಟರೆ ಹೊಲಿಗೆಯನ್ನಷ್ಟೇ ಬಿಚ್ಚಬೇಕು, ಬಟ್ಟೆಗೆ ಕತ್ತರಿ ಹಾಕಿದರೆ ಗಿರಾಕಿ ಸುಮ್ಮನಿರುತ್ತಾರೆಯೇ? ಮದುವೆಯನ್ನು ಮಾತ್ರ ತೆಗೆದೆ.

ನಿನ್ನನ್ನು ಎತ್ತಿ ಯಾವುದೋ ಮೂಲೆಗೆ ಹಾಕುತ್ತದೆ ಎಂದುಕೊಂಡಿದ್ದೆ. ನೀನು ಅಲುಗಾಡಲೇ ಇಲ್ಲ. ಅದೇ ಸಾಲು, ಅದೇ ಜಾಗ, ನಡುವಿನ ಗೆರೆ ಮಾತ್ರ ಹೋಯಿತು. ಆಚೆಗೊಂದು ಈಚೆಗೊಂದು ಜೋಡಿಯಾಗಿದ್ದ ಅಪ್ಪ ಅಮ್ಮ ಸರಿದು ಬಂದು ಮತ್ತೆ ಇಬ್ಬರೇ ಆದರು. ನಿನ್ನನ್ನು ಮುಟ್ಟಿ ನೋಡಿದೆ. 'ಸಹೋದರನ ಮಗಳು' ಎಂದಿತು. ಇದು ಮೊದಲಿನಿಂದಲೂ ಅಡಿಯಲ್ಲಿ ಇದ್ದೇ ಇತ್ತು, ಮೇಲಿನದು ಮುಚ್ಚಿಕೊಂಡಿತ್ತು, ಅಷ್ಟೇ. ಅಳು ಬರಬೇಕಿತ್ತು, ಬರಲಿಲ್ಲ. ಮಷಿನ್ ಮೇಲಿದ್ದ ಅಂಗಿಗೆ ಕಾಲರ್ ಕೂರಿಸಿದೆ. ಆಮೇಲೆ ಮಗನಿಗೆ ಫೋನು ಮಾಡಿ, "ನಿನ್ನ ಹೆಂಡತೀನ ತೆಗೆದಿದ್ದೀನಪ್ಪಾ. ನನ್ನ ಅಣ್ಣನ ಮಗಳನ್ನ ತೆಗಿ ಅನ್ನೋಕೆ ನೀನ್ಯಾರು?" ಎಂದೆ. ಸರಿ ಬಿಡಮ್ಮಾ ಅಂದ.

ನಿನ್ನ ಕೋಣೆಯ ಕಿಟಕಿ ದಿನವೂ ತೆಗೆದಿಡುತ್ತೇನೆ. ಗುಂಡಿ ಡಬ್ಬಿಗಳೆಲ್ಲ ಕಲೆತುಹೋಗಿವೆ, ನನಗೆ ಈಗ ಕಪ್ಪು ಯಾವುದು, ನೀಲಿ ಯಾವುದು ನಿಜವಾಗಿಯೂ ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು ಕಂದಾ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿಮ್ಮಪ್ಪನ ತಂಗಿ

ಮರೆತೆ ನೋಡು: ಬಲಗಣ್ಣಿನ ಪೊರೆ ಬಲಿತಿದೆಯಂತೆ, ಇಪ್ಪತ್ತನೇ ತಾರೀಖು ಬೆಳಿಗ್ಗೆ ಆಪರೇಷನ್. ಮನೆಯವರು ಒಬ್ಬರು ಜೊತೆಗೆ ಇರಲೇಬೇಕಂತೆ. ಮಗ ಬರುತ್ತೇನೆ ಎಂದ, ಅವನಿಗೆ ಮದುವೆ ಕೆಲಸವಿದೆ, ಬೇಡ ಎಂದೆ. ಯಾರು ಬರ್ತಾರೆ, ನಿಮಗೆ ಏನಾಗಬೇಕು ಎಂದು ನರ್ಸಮ್ಮ ಕೇಳಿದರು. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆಸರು ಹೇಳಿ, ಅಣ್ಣನ ಮಗಳು ಎಂದುಬಿಟ್ಟೆ. ಖಚಿತವೇ ಎಂದು ಅವರು ಕೇಳಲಿಲ್ಲ, ಬರೆದುಕೊಂಡರು.