ಅಪ್ಪನ ಕಷಾಯ

ಮಾರ್ಚ್ 4
ಎಂಟಕ್ಕೇ ಲ್ಯಾಬ್. ಇನ್‌ಕ್ಯುಬೇಟರ್‌ನಿಂದ ತಟ್ಟೆಗಳನ್ನು ತೆಗೆದು ನೋಡಿದೆ. ಎಲೆಯ ಸಾರ ಬಿದ್ದ ಕಡೆ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಮುಕ್ಕಾಲು ಪಾಲು ಸತ್ತಿವೆ. ಉಳಿದವು ಹಾರ್ಮೋನ್ ಕೊಟ್ಟರೂ ಬೆಳೆಯುತ್ತಿಲ್ಲ. ನನ್ನ ಗೈಡ್ ಮೇಡಂ ಎಂದಿನಂತೆ — ಇನ್ನೆರಡು ಸಲ ಮಾಡು, ಆಮೇಲೆ ಕುಣಿ.

ಬಾಯಿ ಸುಮ್ಮನಿರಬೇಕಲ್ಲ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಬಿಟ್ಟೆ. ಅವರದೂ ಅದೇ ಕಾಯಿಲೆ, ಎರಡು ವರ್ಷವಾಯಿತು. ಹಾರ್ಮೋನ್ ತಡೆಯಲು ಮೂರು ತಿಂಗಳಿಗೊಂದು ಇಂಜೆಕ್ಷನ್. ಅದರಿಂದ ಮೈಯೆಲ್ಲ ಬಿಸಿ, ಬೆವರು, ಕಾರಣವಿಲ್ಲದ ಅಳು. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತ ಮನುಷ್ಯ. ತುತ್ತು ಕೈಯಲ್ಲೇ ಹಿಡಿದು, ಯಾವ ಎಲೆ ಎಂದು ಕೇಳಿದರು. ಹೇಳಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಎಂದು ನಕ್ಕರು.

ಮಾರ್ಚ್ 11
ಎರಡನೇ ಸಲವೂ ಅದೇ ಫಲಿತಾಂಶ. ಅಪ್ಪ ಇಂಜೆಕ್ಷನ್‌ಗೆ ಒಬ್ಬರೇ ಹೋದರು. ಜೊತೆಗೆ ಹೋಗಬೇಕಿತ್ತು... ಲ್ಯಾಬ್ ಬಿಟ್ಟು ಏಳಲಾಗಲಿಲ್ಲ.

ಜೂನ್ 15
ಈ ಸಲವೂ ಅಪ್ಪ ಇಂಜೆಕ್ಷನ್‌ಗೆ ಒಬ್ಬರೇ ಹೋಗಿಬಂದರಂತೆ. ಬಿಸಿ, ಬೆವರು ನಿಂತಿದೆ. ಅಮ್ಮನನ್ನು ರೇಗಿಸುತ್ತಾರೆ. ಅಂತೂ ಇಂಜೆಕ್ಷನ್ ಮೈಗೆ ಒಗ್ಗಿತು ಅಂದುಕೊಂಡೆ.

ಜುಲೈ 9
ಹೊಸ ಎಲೆ ತರಿಸಿ ಮೂರನೇ ಸಲ. ಎಲೆಯಿಲ್ಲದ ತಟ್ಟೆಯಲ್ಲೂ ಕೋಶಗಳು ಸತ್ತಿವೆ. ಅದಕ್ಕೆ ಹಾಕಿದ್ದು ಬರೀ ಆಲ್ಕೋಹಾಲ್, ಎಲೆ ಕರಗಿಸಲು ಬಳಸಿದಷ್ಟೇ. ಹಳೆಯ ನೋಟ್‌ಬುಕ್ ತೆಗೆದೆ. ಹಿಂದಿನ ಎರಡು ಸಲ ಆ ತಟ್ಟೆಗೆ ಆಲ್ಕೋಹಾಲ್ ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಿದ್ದೆ. ಸೊನ್ನೆಯೊಂದು ತಪ್ಪಿದೆ. ನನ್ನದೇ ಕೈಬರಹ.

ಕೊಂದದ್ದು ಎಲೆಯಲ್ಲ, ಆಲ್ಕೋಹಾಲ್.

ಮೇಡಂಗೆ ಹೇಳಿದೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು.

ಜುಲೈ 10, ಮಧ್ಯಾಹ್ನ
ಆಸ್ಪತ್ರೆಯಿಂದ ಫೋನ್. ಅಪ್ಪ ಎರಡು ಇಂಜೆಕ್ಷನ್ ತಪ್ಪಿಸಿದ್ದಾರೆ.

ಮನೆಗೆ ಓಡಿದೆ. ಅಮ್ಮ ಒಲೆಯ ಹಿಂದಿನಿಂದ ಪಾತ್ರೆ ತೆಗೆದಿಟ್ಟಳು. ತಳದಲ್ಲಿ ಬೆಂದ ಎಲೆ. ಅವಳಿಗೆ ಗೊತ್ತಿತ್ತು, ಮಗಳೇ ಹೇಳಿದ ಮದ್ದು ಎಂದು ನಂಬಿದ್ದಳು.

“ದಿನಕ್ಕೆ ಎರಡು ಲೋಟ. ಅಳೆದೇ ಕುಡಿದಿದ್ದೀನಿ,” ಅಂದರು ಅಪ್ಪ.

“ಅದು ಎಲೆಯಿಂದ ಆಗಿದ್ದಲ್ಲ ಅಪ್ಪ. ನನ್ನ ಅಳತೆ ತಪ್ಪಿತ್ತು.”

ಪಾತ್ರೆಯ ತಳದ ಎಲೆಯನ್ನು ಬೆರಳಿನಿಂದ ಸರಿಸಿ ನೋಡಿದರು.

“ಎಷ್ಟು ತಪ್ಪಿತ್ತು?”

“ಹತ್ತು ಪಟ್ಟು.”

“ನಿಮ್ಮ ಮೇಡಂ ಬೈದ್ರಾ?”

“ಇಲ್ಲ.”

“ಬೈಬೇಕಿತ್ತು.”

ಎದ್ದು ಹೋಗಿ ಪಾತ್ರೆಯನ್ನು ತಾವೇ ತೊಳೆದರು.

ಜುಲೈ 24
ಸ್ಕ್ಯಾನ್ ಬಂತು. ಬೆನ್ನುಮೂಳೆಗೆ ಹರಡಿದೆ. ಇಂಜೆಕ್ಷನ್ ಮತ್ತೆ ಶುರು. ಬಿಡದಿದ್ದರೂ ಹೀಗೇ ಆಗುತ್ತಿತ್ತೇನೋ, ಹೇಳಲಾಗದು ಎಂದರು ಡಾಕ್ಟರ್. ನನಗಾಗಿ ಹೇಳಿದ್ದೋ, ನಿಜವೋ... ಅಮ್ಮ ಅಡುಗೆ ಬಡಿಸುತ್ತಾಳೆ, ನನ್ನ ಜೊತೆ ಮಾತಿಲ್ಲ.

ಸೆಪ್ಟೆಂಬರ್ 6, ಬೆಳಿಗ್ಗೆ
ಈ ಸಲ ಇಂಜೆಕ್ಷನ್ ನಾಟುತ್ತಿಲ್ಲ. ಅಪ್ಪ ಹಾಸಿಗೆಯಿಂದ ಏಳಲು ಇಬ್ಬರು ಬೇಕು. ಮೇಡಂ ಬೇರೆ ಗಿಡ ಕೊಟ್ಟಿದ್ದಾರೆ. ಆಲ್ಕೋಹಾಲ್ ಮೂರು ಮೂರು ಸಲ ಅಳೆಯುತ್ತೇನೆ.

ಈಗಷ್ಟೇ ಕಾಫಿ ಕುಡಿಸುವಾಗ ಅಪ್ಪ ಕೇಳಿದರು, ಹೊಸದೇನಾದರೂ ಸಿಕ್ಕಿತೇ ಎಂದು. ಇಲ್ಲ ಅಂದೆ.

ಸುಳ್ಳು. ನಿನ್ನೆ ನೋಡಿದಾಗ ಆಲ್ಕೋಹಾಲ್ ತಟ್ಟೆಯಲ್ಲಿ ಕೋಶಗಳು ಸೊಂಪಾಗಿ ಬೆಳೆದಿದ್ದವು. ಹೊಸ ಎಲೆಯ ತಟ್ಟೆಯಲ್ಲಿ ಮಾತ್ರ ಸತ್ತಿದ್ದವು...

ಅಪ್ಪನ ಕೋಣೆಯಿಂದ ಅಮ್ಮ ಕೂಗುತ್ತಿದ್ದಾಳೆ. ಇಷ್ಟು ದಿನದ ಮೇಲೆ ನನ್ನನ್ನು ಹೆಸರು ಹಿಡಿದು —